ಒತ್ತುವ ಮೊದಲು ಹೇಳು: ಹೈಸ್ಕೂಲು ಮಕ್ಕಳಿಗೆ ಕಂಪ್ಯೂಟರ್ ಸೈನ್ಸ್ ಕಲಿಸುವ ಒಂದು ದಾರಿ

ಕಂಪ್ಯೂಟರ್ ಪಾಠ ನನ್ನ ತಲೆಗೆ ಬಿದ್ದ ಮೊದಲ ವರ್ಷ ಮಕ್ಕಳಿಂದ ನೋಟ್ಸ್ ಬರೆಸಿದೆ. ಕಂಪ್ಯೂಟರಿನ ತಲೆಮಾರುಗಳು, ಇನ್‌ಪುಟ್ ಸಾಧನ, ಔಟ್‌ಪುಟ್ ಸಾಧನ, ರ್‍ಯಾಮ್‌ಗೂ ರೋಮ್‌ಗೂ ಇರುವ ವ್ಯತ್ಯಾಸ. ಎಲ್ಲರೂ ಅಚ್ಚುಕಟ್ಟಾಗಿ ಬರೆದುಕೊಂಡರು, ಪರೀಕ್ಷೆಯಲ್ಲೂ ಬರೆದರು. ಆಮೇಲೆ ಲ್ಯಾಬ್‌ಗೆ ಕರೆದುಕೊಂಡು ಹೋಗಿ ಪರದೆ ಮೇಲೆ ನಾಲ್ಕು ಸಾಲಿನ ಪ್ರೋಗ್ರಾಂ ತೋರಿಸಿದೆ. "ಇದನ್ನು ಓಡಿಸಿದರೆ ಏನು ಬರುತ್ತೆ?" ಎಂದು ಕೇಳಿದೆ. 25ಕ್ಕೆ 24 ಅಂಕ ತೆಗೆದಿದ್ದ ಹುಡುಗಿ ಎದ್ದು ನಿಂತು ಹೇಳಿದಳು: "ಗೊತ್ತಿಲ್ಲ ಸರ್, ಒತ್ತಿ ನೋಡ್ಲಾ?"

ಅವಳ ತಪ್ಪೇನೂ ಇರಲಿಲ್ಲ. ಯೋಚಿಸುವ ಕೆಲಸವನ್ನೇ ನಾನು ಕೊಟ್ಟಿರಲಿಲ್ಲ. ಅವತ್ತಿನಿಂದ ನನ್ನ ಕ್ಲಾಸಿನಲ್ಲಿ ಒಂದೇ ನಿಯಮ: ಒತ್ತುವ ಮೊದಲು ಹೇಳು. ಏನಾಗುತ್ತದೆ ಅಂತ ಮೊದಲು ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಬಟನ್ ಮುಟ್ಟಬೇಕು. ಬರೆದದ್ದು ತಪ್ಪಾದರೆ ಇನ್ನೂ ಒಳ್ಳೆಯದು, ಪಾಠ ಅಲ್ಲಿಂದಲೇ ಶುರುವಾಗುತ್ತದೆ. ಕೆಳಗೆ ಬರೆದಿರುವುದೆಲ್ಲ ಈ ನಿಯಮದ ಸುತ್ತ 8, 9ನೇ ತರಗತಿಗಳಲ್ಲಿ ಒಂದು ವರ್ಷ ಹೇಗೆ ನಡೆಸಬಹುದು ಎಂಬುದು. ನಮ್ಮ ರಾಜ್ಯ ಪಠ್ಯಕ್ರಮದ ಹೆಚ್ಚಿನ ಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿಗೆ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ಅಷ್ಟೇ. ಕಂಪ್ಯೂಟರಿಗೆ ವಾರಕ್ಕೆ ಒಂದು ಪೀರಿಯಡ್ ಸಿಕ್ಕರೆ ಪುಣ್ಯ. ಆದರೆ ಸಿಲಬಸ್ ಮುಗಿಸುವ ಗಡಿಬಿಡಿ ಇಲ್ಲ, ನಿಧಾನವಾಗಿ ಕಲಿಸಬಹುದು. ಅದೂ ಒಂದು ಲಾಭವೇ ಅಲ್ವಾ?

ಶಾಲೆ ಶುರುವಾಗುವ ಮೊದಲು ಲ್ಯಾಬ್ ನೋಡಿ ಬನ್ನಿ

ಒಂದು ದಿನ ಬಿಡುವು ಮಾಡಿಕೊಂಡು ಬೀಗ ತೆಗೆಸಿ ಒಳಗೆ ಹೋಗಿ. ಪ್ರತಿ ಮಷಿನ್‌ಗೂ ಒಂದು ನಂಬರ್ ಅಂಟಿಸಿ. ಪುಸ್ತಕದಲ್ಲಿ ಮೂರು ಕಾಲಂ ಹಾಕಿ: ಆನ್ ಆಗುತ್ತೆ, ಆಗಲ್ಲ, ಆಗುತ್ತೆ ಆದ್ರೆ ಕಿರಿಕಿರಿ. ಮೂರನೇ ಕಾಲಮ್ಮೇ ಉದ್ದವಾಗುತ್ತದೆ, ಗಾಬರಿಯಾಗಬೇಡಿ.

ವರ್ಷಗಟ್ಟಲೆ ಸುಮ್ನೆ ಕೂತ ಮಷಿನ್ ಬೀಪ್ ಬೀಪ್ ಅಂತ ಕೂಗಿ ಪರದೆ ತೋರಿಸದಿದ್ದರೆ ಮೊದಲು ವಿದ್ಯುತ್ ವೈರ್ ಕಿತ್ತುಬಿಡಿ. ರ್‍ಯಾಮ್ ಎಂಬ ಮೆಮೊರಿ ಪಟ್ಟಿಯನ್ನು ಹೊರಗೆ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಮತ್ತೆ ಕೂರಿಸಿ. ಇಷ್ಟಕ್ಕೇ ಎದ್ದು ಕೂತ ಮಷಿನ್‌ಗಳನ್ನು ನಾನು ನೋಡಿದ್ದೇನೆ. ಆನ್ ಮಾಡಿದಾಗಲೆಲ್ಲ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಒಳಗಿನ ನಾಣ್ಯದಂಥ ಸೆಲ್ ಸತ್ತಿದೆ ಅಂತ ಅರ್ಥ. ಸಾಮಾನ್ಯವಾಗಿ ಅದು 2032 ನಂಬರಿನ ಸೆಲ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ತಾರೀಕು ತಪ್ಪಿದ್ದರೆ ಎಷ್ಟೋ ವೆಬ್‌ಸೈಟ್‌ಗಳು ತೆರೆಯುವುದೇ ಇಲ್ಲ. ಇಂಟರ್‌ನೆಟ್ಟೇ ಹೋಗಿದೆ ಅಂದುಕೊಂಡು ನಾನು ಅರ್ಧ ದಿನ ಹಾಳು ಮಾಡಿದ್ದು ಇದೇ ಕಾರಣಕ್ಕೆ.

ಇಂಟರ್‌ನೆಟ್ ಇಲ್ಲದೆಯೂ ವರ್ಷವಿಡೀ ನಡೆಸಬಹುದು. ಮನೆಯಿಂದ ಪೆನ್‌ಡ್ರೈವ್‌ನಲ್ಲಿ ಎರಡೇ ಎರಡು ಸಾಫ್ಟ್‌ವೇರ್ ತನ್ನಿ. ಒಂದು ಸ್ಕ್ರ್ಯಾಚ್. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ಹುಟ್ಟಿ 2007ರಲ್ಲಿ ಎಲ್ಲರಿಗೂ ಸಿಕ್ಕಿದ್ದು. ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ಆಟ. ವಿಂಡೋಸ್‌ಗೆ ಇದರ ಆಫ್‌ಲೈನ್ ಆವೃತ್ತಿ ಇದೆ. ನಿಮ್ಮದು ವಿಂಡೋಸ್ ಬದಲು ಉಬುಂಟು ಹಾಕಿದ ಮಷಿನ್ ಆಗಿದ್ದರೆ ಟರ್ಬೋವಾರ್ಪ್ ಹಾಕಿಕೊಳ್ಳಿ, ಸ್ಕ್ರ್ಯಾಚ್ ಫೈಲುಗಳು ಅದರಲ್ಲೂ ಓಡುತ್ತವೆ. ಎರಡನೆಯದು ಥಾನಿ. ಎಸ್ಟೋನಿಯಾ ದೇಶದ ಟಾರ್ಟು ವಿಶ್ವವಿದ್ಯಾಲಯದಲ್ಲಿ, ಹೊಸಬರು ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಕಲಿಯಲಿ ಅಂತಲೇ ಮಾಡಿದ್ದು. ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ಓಡಿಸಿ ಒಳಗೆ ಏನಾಗುತ್ತಿದೆ ಅಂತ ತೋರಿಸುತ್ತದೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಮೊದಲ ತಿಂಗಳು ಲ್ಯಾಬ್ ಬೀಗ ತೆಗೆಯಬೇಡಿ

ಮಕ್ಕಳು ಬೈಯುತ್ತಾರೆ, ಬೈಯಲಿ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲೇ ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ಸೈನ್ಸ್ ಕಲಿಸುವ ಆಟಗಳನ್ನು ಕಟ್ಟಿದರು. ಸಿಎಸ್ ಅನ್‌ಪ್ಲಗ್ಡ್ ಅಂತ ಅದರ ಹೆಸರು. ಆಟಗಳು ಚೆನ್ನಾಗಿವೆ. ಆದರೆ ನಮ್ಮ ಮನೆ ಬಾಗಿಲಲ್ಲೇ ಅದಕ್ಕಿಂತ ಹತ್ತಿರದ ಸರಕಿದೆ: ರಂಗೋಲಿ.

ಒಬ್ಬಳನ್ನು ಬೋರ್ಡಿಗೆ ಬೆನ್ನು ಹಾಕಿ ನಿಲ್ಲಿಸಿ. ಅವಳ ಕೈಯಲ್ಲಿ ಒಂದು ಚುಕ್ಕಿ ರಂಗೋಲಿಯ ಚಿತ್ರ. ಬೋರ್ಡಿನ ಹತ್ತಿರ ಸೀಮೆಸುಣ್ಣ ಹಿಡಿದು ಒಬ್ಬ ಹುಡುಗ. ಅವಳು ಹೇಳಿದ್ದನ್ನು ಅವನು ಮಾಡಬೇಕು, ಹೇಳದ್ದನ್ನು ಮಾಡಬಾರದು. "7ರಿಂದ 4, ಸಂದು ಚುಕ್ಕಿ" ಅಂತಾಳೆ ಹುಡುಗಿ. ಮನೆಯಲ್ಲಿ ರಂಗೋಲಿ ಹಾಕುವವರಿಗೆ ಇಷ್ಟು ಸಾಕು. ಹುಡುಗ ಪೆದ್ದನಂತೆ ನಿಂತಿರುತ್ತಾನೆ, ಸಂದು ಚುಕ್ಕಿ ಅಂದರೇನು ಅಂತ ಅವನಿಗೆ ಯಾರೂ ಹೇಳಿಲ್ಲ. ಈಗ ಅವಳು ಬಿಡಿಸಿ ಹೇಳಬೇಕು: "ನಡುವೆ 7 ಚುಕ್ಕಿ ಸಾಲಾಗಿ ಇಡು. ಅದರ ಮೇಲೆ, ಎರಡೆರಡು ಚುಕ್ಕಿಗಳ ಸಂದಿಗೆ ಒಂದರಂತೆ 6 ಇಡು. ಅದರ ಮೇಲೆ 5, ಆಮೇಲೆ 4. ಕೆಳಗೂ ಹಾಗೇ." ಸೂಚನೆ ಎಷ್ಟು ಬಿಡಿಸಿ ಹೇಳಬೇಕು ಎಂಬುದು ಕೇಳುವವನಿಗೆ ಏನು ಗೊತ್ತು ಎಂಬುದರ ಮೇಲೆ ಹೋಗುತ್ತದೆ. ಹೀಗೆ ಹೆಜ್ಜೆಹೆಜ್ಜೆಯಾಗಿ ಕೊಡುವ ಸೂಚನೆಗೇ ಅಲ್ಗಾರಿದಂ ಅನ್ನುವುದು, ಅದರ ಪಾಠದ ಅರ್ಧ ಇಲ್ಲೇ ಮುಗಿಯಿತು.

ಈಗ ಊಹೆ. ಒಟ್ಟು ಎಷ್ಟು ಚುಕ್ಕಿ? ಎಣಿಸುವ ಮೊದಲು ಎಲ್ಲರೂ ಬರೆಯಲಿ. ಕೆಲವರು 44 ಅಂತಾರೆ, ಅಂದರೆ ನಡುವಿನ ಸಾಲನ್ನು ಎರಡು ಸಲ ಲೆಕ್ಕ ಹಾಕಿದ್ದಾರೆ. ಸರಿ ಉತ್ತರ 37: ನಡುವಿನ 7, ಮೇಲೆ 6, 5, 4 ಸೇರಿ 15, ಕೆಳಗೆ 15. ಈ 37 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಲು ಹೇಳಿ. ನವೆಂಬರಿನಲ್ಲಿ ಪೈಥಾನ್ ಬರೆಯುವಾಗ ಮತ್ತೆ ಬೇಕಾಗುತ್ತದೆ.

ಸೇರು, ಪಾವು, ಚಟಾಕು

ಎರಡನೇ ವಾರ ಬೈನರಿ, ಅಂದರೆ 0 ಮತ್ತು 1 ಎರಡೇ ಅಂಕಿಯಲ್ಲಿ ಸಂಖ್ಯೆ ಬರೆಯುವ ರೀತಿ. ಇದನ್ನು ಬೋರ್ಡಿನ ಮೇಲೆ ಎರಡರಿಂದ ಭಾಗಿಸಿ ಶೇಷ ಬರೆಯುವ ಲೆಕ್ಕವಾಗಿ ಕಲಿಸಿದರೆ ಮಕ್ಕಳು ವಿಧಾನ ಕಲಿಯುತ್ತಾರೆ, ವಿಷಯ ಕಲಿಯುವುದಿಲ್ಲ. ಅದರ ಬದಲು ಮನೆಯಿಂದ ಅಜ್ಜಿಯ ಕಾಲದ ಅಳತೆ ಪಾತ್ರೆ ತರಲು ಹೇಳಿ. ಸೇರು ತರುತ್ತಾರೆ, ಪಾವು ತರುತ್ತಾರೆ. ಒಬ್ಬರ ಮನೆಯಲ್ಲಾದರೂ ಹಿತ್ತಾಳೆಯ ಚಟಾಕು ಇರುತ್ತದೆ.

ಈ ಅಳತೆಗಳು ಅರ್ಧ, ಅರ್ಧದ ಅರ್ಧ ಎಂದು ಇಳಿಯುತ್ತವೆ. ಸೇರಿನ ಅರ್ಧ ಅಚ್ಚೇರು. ಅದರ ಅರ್ಧ ಪಾವು. ಪಾವಿನ ಅರ್ಧ ಅರೆಪಾವು. ಅದರ ಅರ್ಧ ಚಟಾಕು. ಚಟಾಕನ್ನೇ ಒಂದು ಅಂತ ಹಿಡಿದರೆ ಏನಾಯಿತು ನೋಡಿ: ಸೇರು 16, ಅಚ್ಚೇರು 8, ಪಾವು 4, ಅರೆಪಾವು 2, ಚಟಾಕು 1. ಬೈನರಿಯ ಐದು ಮನೆಗಳು ಅಡುಗೆಮನೆಯ ಗೂಡಿನಲ್ಲೇ ಕೂತಿದ್ದವು. (ಹೆಸರು, ಅಳತೆ ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತವೆ. ನಿಮ್ಮ ಕಡೆ ಏನಂತಾರೋ ಅದನ್ನೇ ಇಟ್ಟುಕೊಳ್ಳಿ.)

ಆಟ ಹೀಗೆ. ಐದು ಜನ ಐದು ಅಳತೆಯ ಕಾರ್ಡ್ ಹಿಡಿದು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಲಿ. ನೀವು ಅಂಗಡಿಗೆ ಬಂದ ಗಿರಾಕಿ: "11 ಚಟಾಕು ಅಕ್ಕಿ ಕೊಡಿ." ಷರತ್ತು ಒಂದೇ, ಒಂದು ಅಳತೆಯನ್ನು ಒಂದೇ ಸಲ ಬಳಸಬೇಕು. ಬೇಕಾದವರು ಕಾರ್ಡ್ ಎತ್ತಲಿ, ಉಳಿದವರು ಇಳಿಸಲಿ. ಅಚ್ಚೇರು, ಅರೆಪಾವು, ಚಟಾಕು ಏಳುತ್ತವೆ. ಎತ್ತಿದ್ದಕ್ಕೆ 1, ಇಳಿಸಿದ್ದಕ್ಕೆ 0 ಬರೆದರೆ 01011. ಎಲ್ಲ ಎತ್ತಿದರೆ 31. ಆರನೇ ಕಾರ್ಡ್ ಬೇಕಾದರೆ ಅದರ ಮೇಲೆ ಎಷ್ಟು ಬರೆಯಬೇಕು? ಇದಕ್ಕೆ ಉತ್ತರ ನೀವು ಹೇಳಬೇಡಿ.

ಸಾಧ್ಯವಾದರೆ ಒಂದು ಪೀರಿಯಡ್ ಕನ್ನಡ ಮೇಷ್ಟ್ರ ಜೊತೆ ಸೇರಿ ತೆಗೆದುಕೊಳ್ಳಿ. ಹೈಸ್ಕೂಲಿನಲ್ಲಿ ಛಂದಸ್ಸು ಇದ್ದೇ ಇದೆ. ಅಕ್ಷರಗಣ ಅಂದರೆ ಮೂರು ಅಕ್ಷರ, ಪ್ರತಿಯೊಂದೂ ಲಘು ಅಥವಾ ಗುರು. ಹಾಗಾದರೆ ಗಣಗಳು ಎಂಟೇ ಯಾಕೆ, ಒಂಬತ್ತು ಯಾಕಿಲ್ಲ? ಲಘುವಿಗೆ 0, ಗುರುವಿಗೆ 1 ಹಾಕಿ ನೋಡಿ. ನ ಗಣ 000, ಸ ಗಣ 001, ಜ 010, ಯ 011, ಭ 100, ರ 101, ತ 110, ಮ 111. ಸೊನ್ನೆಯಿಂದ ಏಳರವರೆಗೆ ಎಲ್ಲ ಸಂಖ್ಯೆಯೂ ಬಂತು, ಒಂಬತ್ತನೆಯದಕ್ಕೆ ಜಾಗವೇ ಇಲ್ಲ. ಇನ್ನೊಂದು ಸೋಜಿಗ: "ಯಮಾತಾರಾಜಭಾನಸಲಗಂ" ಎಂಬ ಹತ್ತು ಅಕ್ಷರದ ಸೂತ್ರದಲ್ಲಿ ಎಲ್ಲಿಂದ ಮೂರು ಅಕ್ಷರ ತೆಗೆದುಕೊಂಡರೂ ಆ ಮೊದಲ ಅಕ್ಷರದ ಗಣವೇ ಸಿಗುತ್ತದೆ. ಎಂಟು ಗಣವನ್ನು ಬಿಡಿಬಿಡಿಯಾಗಿ ಬರೆದರೆ 24 ಅಕ್ಷರ ಬೇಕು, ಇಲ್ಲಿ ಹತ್ತರಲ್ಲೇ ತುಂಬಿಟ್ಟಿದ್ದಾರೆ. ಕಡಿಮೆ ಜಾಗದಲ್ಲಿ ಜಾಸ್ತಿ ಮಾಹಿತಿ ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ. ಕನ್ನಡ ಮೇಷ್ಟ್ರೂ ಅವತ್ತು ಖುಷಿಯಾದರು.

26 ಪ್ರಶ್ನೆ

ಮೂರನೇ ವಾರ ಹುಡುಕಾಟ. 1ರಿಂದ 100ರೊಳಗೆ ಒಂದು ಸಂಖ್ಯೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮಕ್ಕಳು ಊಹಿಸಲಿ, ನೀವು "ಜಾಸ್ತಿ", "ಕಡಿಮೆ", "ಸರಿ" ಅಂತ ಮಾತ್ರ ಹೇಳಿ. ಮೊದಲ ಸುತ್ತಿನಲ್ಲಿ 23, 77, ತನ್ನ ರೋಲ್ ನಂಬರ್, ಹೀಗೆ ಬರುತ್ತವೆ. ಎರಡನೇ ಸುತ್ತಿಗೆ ಯಾರಾದರೂ 50 ಅಂತಾರೆ. ಅಲ್ಲಿ ನಿಲ್ಲಿಸಿ, ಯಾಕೆ 50 ಅಂತ ಅವರ ಬಾಯಿಂದಲೇ ಹೇಳಿಸಿ. ಪ್ರತಿ ಸಲ ಅರ್ಧಕ್ಕೆ ಕಡಿಯುತ್ತ ಹೋದರೆ 100ಕ್ಕೆ ಜಾಸ್ತಿ ಅಂದರೆ 7 ಊಹೆ. 1000ಕ್ಕೆ ಎಷ್ಟು? ಮಕ್ಕಳು 70 ಅಂತ ಬರೆಯುತ್ತಾರೆ. ಉತ್ತರ 10.

ಆಮೇಲೆ ಕೇಳಿ: 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಸುಮಾರು 6.11 ಕೋಟಿ ಜನ. ಎಲ್ಲರ ಹೆಸರೂ ಅಕಾರಾದಿಯಲ್ಲಿ ಒಂದೇ ಪಟ್ಟಿಯಲ್ಲಿದ್ದರೆ ಒಬ್ಬರನ್ನು ಹುಡುಕಲು ಎಷ್ಟು ಪ್ರಶ್ನೆ ಬೇಕು? 26 ಸಾಕು. ಎರಡನ್ನು 26 ಸಲ ಗುಣಿಸಿದರೆ 6,71,08,864 ಬರುತ್ತದೆ. ಬೋರ್ಡಿನ ಮೇಲೆ ಒಬ್ಬೊಬ್ಬರಾಗಿ ಬಂದು ದುಪ್ಪಟ್ಟು ಮಾಡುತ್ತ ಹೋಗಲಿ, ಸಮಯ ಹೋದರೆ ಹೋಗಲಿ. ಅಷ್ಟರಲ್ಲಿ ಒಬ್ಬನಾದರೂ "ಪಟ್ಟಿ ಕಲಸಿಹೋಗಿದ್ರೆ?" ಅಂತ ಕೇಳುತ್ತಾನೆ. ಕೇಳದಿದ್ದರೆ ನೀವೇ ಹಾಜರಿ ಪುಸ್ತಕದ ಹೆಸರುಗಳನ್ನು ಚೀಟಿಯಲ್ಲಿ ಬರೆದು ಕಲಸಿ ಕೊಡಿ. ಸಾಲಾಗಿ ಜೋಡಿಸುವ ಕೆಲಸಕ್ಕೆ ಬೆಲೆ ಯಾಕೆ ಅಂತ ಅರ್ಥವಾಗುತ್ತದೆ.

ಲ್ಯಾಬ್ ಒಳಗೆ: ಕೈ, ಬಾಯಿ, ಕಣ್ಣು

42 ಮಕ್ಕಳು, ಓಡುವ ಮಷಿನ್ ಆರು ಅಂತ ಇಟ್ಟುಕೊಳ್ಳೋಣ. ಒಂದಕ್ಕೆ ಏಳು ಜನ ಕೂತರೆ ಒಬ್ಬ ಮೌಸ್ ಹಿಡಿಯುತ್ತಾನೆ, ಇಬ್ಬರು ನೋಡುತ್ತಾರೆ, ನಾಲ್ಕು ಜನ ಕಿಟಕಿ ಹೊರಗೆ ನೋಡುತ್ತಾರೆ. ಹಾಗಾಗಿ ಕ್ಲಾಸನ್ನು ಎರಡು ಭಾಗ ಮಾಡಿ. 21 ಜನ ಲ್ಯಾಬ್ ಒಳಗೆ, ಮಿಕ್ಕವರು ಬಾಗಿಲ ಹೊರಗಿನ ಜಗಲಿಯಲ್ಲಿ ಕಾಗದದ ಕೆಲಸ. ಮುಂದಿನ ವಾರ ಅದಲುಬದಲು. ಜಗಲಿಯವರು ಮಾಡುವುದು ಮುಂದಿನ ವಾರದ ಪ್ರೋಗ್ರಾಮಿನ ಊಹೆಯನ್ನೇ. ಕಾಲಹರಣದ ಕೆಲಸ ಕೊಟ್ಟರೆ ಗಲಾಟೆ ಗ್ಯಾರಂಟಿ.

ಒಂದು ಮಷಿನ್‌ಗೆ ಮೂರು ಜನ, ಕೆಲವದಕ್ಕೆ ನಾಲ್ಕು. ಒಬ್ಬರು ಕೈ: ಟೈಪ್ ಮಾಡುವವರು, ತಮ್ಮ ಬುದ್ಧಿ ಓಡಿಸುವ ಹಾಗಿಲ್ಲ. ಒಬ್ಬರು ಬಾಯಿ: ಏನು ಟೈಪ್ ಮಾಡಬೇಕು ಅಂತ ಹೇಳುವವರು, ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಒಬ್ಬರು ಕಣ್ಣು: ಊಹೆಯ ಪುಸ್ತಕ ಇವರ ಹತ್ತಿರ, ಬರೆದದ್ದಕ್ಕೂ ಪರದೆಗೂ ತಾಳೆ ನೋಡುವವರು. ನಾಲ್ಕನೆಯವರಿದ್ದರೆ ಎರಡನೇ ಕಣ್ಣು. 8 ನಿಮಿಷಕ್ಕೊಮ್ಮೆ ಬದಲು. ಗಂಟೆ ನೀವೇ ಹೊಡೆಯಿರಿ. ಬಿಟ್ಟರೆ ಮನೆಯಲ್ಲಿ ಕಂಪ್ಯೂಟರ್ ಇರುವ ಹುಡುಗನೇ ವರ್ಷಪೂರ್ತಿ ಕೈಯಾಗಿರುತ್ತಾನೆ, ಹುಡುಗಿಯರು ವರ್ಷಪೂರ್ತಿ ಕಣ್ಣಾಗಿರುತ್ತಾರೆ. ಇದನ್ನು ನಾನು ಗಮನಿಸಿದ್ದು ಎರಡನೇ ವರ್ಷ, ಅದೂ ಒಬ್ಬ ತಾಯಿ ಬಂದು ಹೇಳಿದ ಮೇಲೆ.

ಕರೆಂಟ್ ಹೋಗುತ್ತದೆ. ಯುಪಿಎಸ್ ಕೂಗುತ್ತದೆ, ಆದರೆ ಹೆಚ್ಚು ಹೊತ್ತು ತಡೆಯುವುದಿಲ್ಲ. ಆ 8 ನಿಮಿಷದ ಗಂಟೆಗೇ ಫೈಲ್ ಉಳಿಸುವ ಅಭ್ಯಾಸ ಕಟ್ಟಿಬಿಡಿ: ಗಂಟೆ ಬಿತ್ತು, ಉಳಿಸು, ಜಾಗ ಬದಲಿಸು.

ಸ್ಕ್ರ್ಯಾಚ್: ಬಟ್ಟಲಾದ ತ್ರಿಕೋನ

ಸ್ಕ್ರ್ಯಾಚ್ ಪರದೆಯ ಬೆಕ್ಕನ್ನು ಓಡಿಸುವುದು, ಮ್ಯಾವ್ ಅನ್ನಿಸುವುದು ಒಂದು ಪೀರಿಯಡ್ ಸಾಕು. ಎರಡನೇ ದಿನವೇ ಪೆನ್ ಹಿಡಿಸಿ ಚಿತ್ರ ಬರೆಸಿ. ಚೌಕ ಸುಲಭ: 100 ಹೆಜ್ಜೆ ಹೋಗು, 90 ಡಿಗ್ರಿ ತಿರುಗು, ಇದನ್ನು 4 ಸಲ ಮಾಡು. ಎಲ್ಲರ ಊಹೆಯೂ ಸರಿಯಾಗುತ್ತದೆ. ಎಲ್ಲರಿಗೂ ತಾವು ಜಾಣರು ಅನ್ನಿಸುತ್ತದೆ.

ಈಗ ಸಮಬಾಹು ತ್ರಿಕೋನ ಕೇಳಿ. ಮೂರು ಬಾಹು, ಒಳಕೋನ 60. ಹಾಗಾಗಿ 60 ಡಿಗ್ರಿ ತಿರುಗು, 3 ಸಲ. ಇಡೀ ಕ್ಲಾಸು ಇದನ್ನೇ ಬರೆಯುತ್ತದೆ, ತ್ರಿಕೋನದ ಚಿತ್ರವನ್ನೂ ಊಹೆಯಾಗಿ ಬಿಡಿಸಿಡುತ್ತದೆ. ಓಡಿಸಿದರೆ ಬರುವುದು ಒಂದು ಕಡೆ ತೆರೆದಿರುವ ಬಟ್ಟಲು. ಲ್ಯಾಬ್‌ನಲ್ಲಿ ಒಂದು ಕ್ಷಣ ಮೌನ. ಆಮೇಲೆ ಒಂದೇ ಗದ್ದಲ, "ಸರ್, ಮಷಿನ್ ಸರಿ ಇಲ್ಲ!"

ಉತ್ತರ ಹೇಳಲು ಬಾಯಿ ತುರಿಸುತ್ತದೆ, ಹೇಳಬೇಡಿ. ಮೈದಾನಕ್ಕೆ ಕರೆದುಕೊಂಡು ಹೋಗಿ. ಸುಣ್ಣದಲ್ಲಿ ದೊಡ್ಡ ತ್ರಿಕೋನ ಬರೆದು ಒಬ್ಬಳನ್ನು ಅದರ ಗೆರೆಯ ಮೇಲೆ ನಡೆಸಿ. ಮೂಲೆಗೆ ಬಂದಾಗ ಕೈಯನ್ನು ತಾನು ಹೋಗುತ್ತಿದ್ದ ದಿಕ್ಕಿಗೇ ಚಾಚಿ ನಿಲ್ಲಲಿ. ಅಲ್ಲಿಂದ ಮುಂದಿನ ಗೆರೆಯವರೆಗೆ ಕೈ ಎಷ್ಟು ತಿರುಗಬೇಕು? 60 ಅಲ್ಲ, 120. ಒಳಕೋನ ಕಾಗದ ನೋಡುವವರದು, ಹೊರಕೋನ ನಡೆಯುವವರದು. ಗಣಿತದ ಪುಸ್ತಕದಲ್ಲಿ "ಬಾಹ್ಯಕೋನಗಳ ಮೊತ್ತ 360" ಅಂತ ಬಾಯಿಪಾಠ ಮಾಡಿದ್ದು ಅವತ್ತು ಕಾಲಿಗೆ ಸಿಗುತ್ತದೆ. ಮರಳಿ ಲ್ಯಾಬ್‌ಗೆ ಬಂದು 120 ಹಾಕಿ ತ್ರಿಕೋನ ಮಾಡಿದ ಮೇಲೆ ಆ ಹಳೆಯ ಬಟ್ಟಲನ್ನು ಅಳಿಸಲು ಬಿಡಬೇಡಿ. 60 ಹಾಗೇ ಇರಲಿ, 3 ಸಲ ಎಂಬುದನ್ನು 6 ಸಲ ಮಾಡಿದರೆ ಏನಾಗುತ್ತದೆ, ಬರೆಯಿರಿ ಅನ್ನಿ. ಬಟ್ಟಲಿನ ಮೇಲೆ ಇನ್ನೊಂದು ಬಟ್ಟಲು ಬೋರಲಾಗಿ ಕೂತು ಷಡ್ಭುಜ.

ದಸರಾ ರಜೆವರೆಗೆ ಸ್ಕ್ರ್ಯಾಚ್ ಸಾಕು. ಆಟ ಮಾಡುವುದು, ಹಿನ್ನೆಲೆ ಬದಲಿಸುವುದು ಮಕ್ಕಳೇ ಕಲಿಯುತ್ತಾರೆ. ಅದಕ್ಕೆ ಪೀರಿಯಡ್ ಖರ್ಚು ಮಾಡಬೇಡಿ.

ಪೈಥಾನ್: ಕನ್ನಡದಲ್ಲಿ ಬರೆದು ಆಮೇಲೆ ಟೈಪ್ ಮಾಡಿ

ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳುವವರಿಗೆ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಇರುವುದೂ ಪೈಥಾನೇ. ಹಾಗಾಗಿ ಇದು ವ್ಯರ್ಥವಾಗುವುದಿಲ್ಲ. ಮಕ್ಕಳಿಗೆ ಇಲ್ಲಿ ಎರಡು ಕಷ್ಟ ಒಟ್ಟಿಗೆ ಬರುತ್ತವೆ: ಯೋಚನೆಯ ಕಷ್ಟ, ಇಂಗ್ಲಿಷಿನ ಕಷ್ಟ. ಎರಡನ್ನೂ ಬೇರೆ ಮಾಡಿ. ಪ್ರೋಗ್ರಾಂ ಮೊದಲು ಪುಸ್ತಕದಲ್ಲಿ ಕನ್ನಡದಲ್ಲಿ ಬರಲಿ. ನಮ್ಮ ರಂಗೋಲಿ ಹೀಗೆ:

ಸಾಲು ಎಂಬುದು ಒಂದೊಂದಾಗಿ 4, 5, 6, 7, 6, 5, 4 ಆಗಲಿ
ಪ್ರತಿ ಸಲವೂ:
7ರಲ್ಲಿ ಸಾಲು ಕಳೆದಷ್ಟು ಖಾಲಿ ಜಾಗ ಬಿಡು
ಚುಕ್ಕಿ, ಒಂದು ಖಾಲಿ ಜಾಗ. ಇದನ್ನು ಸಾಲಿನಷ್ಟು ಸಲ ಬರೆ
ಕೆಳಗಿನ ಸಾಲಿಗೆ ಇಳಿ

ಇದನ್ನು ಪೈಥಾನಿಗೆ ತಿರುಗಿಸಿದರೆ ಎರಡೇ ಸಾಲು, ಒಂದು ಫಾರ್ (ಮತ್ತೆ ಮತ್ತೆ ಮಾಡು), ಒಂದು ಪ್ರಿಂಟ್ (ಪರದೆ ಮೇಲೆ ಬರೆ). ಪರದೆ ಮೇಲೆ ಬಂದ ಚುಕ್ಕಿ ಎಣಿಸಿದರೆ 37 ಇರಬೇಕು. ಖಾಲಿ ಜಾಗದ ಸಾಲು ಮರೆತವರ ರಂಗೋಲಿ ಎಡಗೋಡೆಗೆ ಒರಗಿ ಬೀಳುತ್ತದೆ. ಆದರೂ ಅದರಲ್ಲಿ 37 ಇರುತ್ತದೆ! ಎಣಿಕೆ ಸರಿ ಇದ್ದರೂ ಪ್ರೋಗ್ರಾಂ ತಪ್ಪಿರಬಹುದು ಅಂತ ಇಲ್ಲಿ ತೋರಿಸಿ. ಇನ್ನೊಂದು ವಿಷಯವನ್ನು ಮಕ್ಕಳೇ ಕೇಳಬೇಕು: ಮನೆಯಲ್ಲಿ ನಡುವಿನ 7ರಿಂದ ಶುರು ಮಾಡುತ್ತೇವೆ, ಇಲ್ಲಿ ಯಾಕೆ 4ರಿಂದ? ಅಂಗಳದಲ್ಲಿ ಎಲ್ಲಿ ಬೇಕಾದರೂ ಕೈ ಇಡಬಹುದು. ಪ್ರಿಂಟ್ ಮೇಲಿಂದ ಕೆಳಕ್ಕೆ ಮಾತ್ರ ಇಳಿಯುತ್ತದೆ. ಕೆಲಸ ಒಂದೇ, ಮಾಡುವವರು ಬದಲಾದರೆ ಕ್ರಮ ಬದಲು.

ವೇರಿಯಬಲ್‌ಗೆ (ಪ್ರೋಗ್ರಾಮಿನಲ್ಲಿ ಬೆಲೆ ಇಟ್ಟುಕೊಳ್ಳುವ ಹೆಸರಿಗೆ) "ಡಬ್ಬಿ" ಅಂತ ಎಷ್ಟೋ ಜನ ಹೇಳಿಕೊಡುತ್ತಾರೆ. ನಾನೂ ಹೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ಅ ಎಂಬ ಡಬ್ಬಿಗೆ 5 ಹಾಕಿದೆ, ಬ ಎಂಬುದಕ್ಕೆ ಅ ಹಾಕಿದೆ, ಆಮೇಲೆ ಅ ಡಬ್ಬಿಗೆ 7 ಹಾಕಿದೆ. ಅ ಎಷ್ಟು ಅಂತ ಕೇಳಿದರೆ ಕೆಲವರು 12 ಅಂತಾರೆ, ಡಬ್ಬಿಯೊಳಗೆ 5 ಇನ್ನೂ ಇದೆಯಲ್ಲ! ಬ ಎಷ್ಟು ಅಂದರೆ ಅರ್ಧ ಕ್ಲಾಸು 7 ಅನ್ನುತ್ತದೆ. ಸ್ಲೇಟು ಅನ್ನಿ. ಸ್ಲೇಟಿನಲ್ಲಿ ಹೊಸದು ಬರೆಯಬೇಕಾದರೆ ಹಳೆಯದು ಒರೆಸಬೇಕು. ಪಕ್ಕದವನ ಸ್ಲೇಟು ನೋಡಿ ಬರೆದುಕೊಂಡ ಮೇಲೆ ಅವನು ಏನು ಒರೆಸಿದರೂ ನನ್ನದು ಹಾಗೇ ಇರುತ್ತದೆ. ಅ 7, ಬ 5. ಎರಡು ನಿಜವಾದ ಸ್ಲೇಟು ತಂದು ಇಬ್ಬರ ಕೈಗೆ ಕೊಟ್ಟು ಮಾಡಿಸಿ, ಆಮೇಲೆ ಥಾನಿಯಲ್ಲಿ ಒಂದೊಂದೇ ಹೆಜ್ಜೆ ಓಡಿಸಿ ತೋರಿಸಿ. ಹಾಗೆಯೇ ಸಮ ಚಿಹ್ನೆಯನ್ನು "ಸಮ" ಅಂತ ಓದಲು ಬಿಡಬೇಡಿ. "ಅಂಕ ಸಮ ಅಂಕ ಕೂಡಿಸು 1" ಅಂದರೆ ಗಣಿತ ಗೊತ್ತಿರುವ ಮಗು ಅದು ಸುಳ್ಳು ಅನ್ನುತ್ತದೆ, ಸರಿಯಾಗೇ ಅನ್ನುತ್ತದೆ. "ಅಂಕದಲ್ಲಿ ಇರುವುದಕ್ಕೆ 1 ಕೂಡಿಸಿ ಅಂಕಕ್ಕೇ ಬರೆ" ಅಂತ ಓದಿಸಿ.

ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು ಅಂತ ಎಷ್ಟೋ ಶಿಕ್ಷಕರಿಗೆ ಗೊತ್ತಿಲ್ಲ. ಪೈಥಾನ್ 3 ಕನ್ನಡ ಅಕ್ಷರ ಒಪ್ಪುತ್ತದೆ. ಅಂಕ, ಬೆಲೆ, ಸಾಲು, ಎಲ್ಲ ನಡೆಯುತ್ತದೆ. ಒಂದೇ ತೊಂದರೆ, "ಕ್ಲಾಸ್‌ನ" ಎಂಬಂಥ ಪದದಲ್ಲಿ ಒತ್ತಕ್ಷರ ಆಗದಿರಲಿ ಅಂತ ನಾವು ನಡುವೆ ಹಾಕುವ ಕಾಣದ ಅಕ್ಷರವನ್ನು ಹೆಸರಿನಲ್ಲಿ ಅದು ಒಪ್ಪುವುದಿಲ್ಲ. ಅಂಥ ಪದ ಬಿಟ್ಟು ಬೇರೆ ಆರಿಸಿ.

ಕನ್ನಡ ಬಂದಿತಲ್ಲ, ಇಲ್ಲೇ ನಿಲ್ಲಿ. ನನ್ನ ಇಡೀ ವರ್ಷದಲ್ಲಿ ಮಕ್ಕಳು ಬಾಯಿಬಿಟ್ಟು ಕೂರುವ ಪೀರಿಯಡ್ ಇದು. ಬೋರ್ಡಿನ ಮೇಲೆ "ಕನ್ನಡ" ಅಂತ ಬರೆದು ಎಷ್ಟು ಅಕ್ಷರ ಅಂತ ಕೇಳಿ. ಮೂರು. ಪೈಥಾನಿನಲ್ಲಿ ಉದ್ದ ಎಣಿಸುವ ಲೆನ್ ಆಜ್ಞೆಗೆ ಕೊಟ್ಟರೆ ಎಷ್ಟು ಹೇಳುತ್ತದೆ, ಊಹಿಸಿ. ಎಲ್ಲರೂ 3 ಬರೆಯುತ್ತಾರೆ. ಮಷಿನ್ 5 ಅನ್ನುತ್ತದೆ. ಕ, ನ, ನಡುವೆ ಒತ್ತು ಕೊಡುವ ಗುರುತು, ಮತ್ತೆ ನ, ಡ. ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಪಟ್ಟಿಗೆ ಯೂನಿಕೋಡ್ ಅಂತ ಹೆಸರು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಕೊಟ್ಟಿದ್ದಾರೆ. ಅದರಲ್ಲಿ ಕ ಅಕ್ಷರದ ಮನೆ ನಂಬರ್ 3221. ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲ. ಕೂಡಿಸುವ ಗುರುತೇ ಆ ಕೆಲಸ ಮಾಡುತ್ತದೆ. ಇನ್ನು ಫೈಲಿನಲ್ಲಿ ಉಳಿಸಿದರೆ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಮನೆಗೂ 3 ಬೈಟ್ ಜಾಗ, ಒಟ್ಟು 15. ನಮಗೆ 3, ಪೈಥಾನಿಗೆ 5, ಡಿಸ್ಕಿಗೆ 15. ಮೂರೂ ಸರಿ.

ಮುಂದಿನದು "ಮೈಸೂರು" ಪದವನ್ನು ತಿರುಗಿಸಿ ಬರೆಯುವ ಪ್ರೋಗ್ರಾಂ. ಮಕ್ಕಳ ಊಹೆ "ರುಸೂಮೈ". ಬರುವುದು ತಲೆಯಲ್ಲಿ ಉಕಾರದ ಕೊಂಬು ಒಂಟಿಯಾಗಿ ನೇತಾಡುವ, "ರೂಸೈಮ" ಅಂತ ಮುಗಿಯುವ ವಿಚಿತ್ರ. ಕೊಂಬು, ಐತ್ವ ಎಲ್ಲ ಬೇರೆ ಬೇರೆ ಮನೆಯವು, ಹಿಂದುಮುಂದಾದರೆ ಪಕ್ಕದ ಮನೆಯವರಿಗೆ ಹೋಗಿ ಅಂಟಿಕೊಳ್ಳುತ್ತವೆ. ಗುಣಿತಾಕ್ಷರ ಒಡೆಯದ ಹಾಗೆ ತಿರುಗಿಸುವುದು ಹೇಗೆ ಎಂಬುದನ್ನು ಚುರುಕಾದ ಮಕ್ಕಳಿಗೆ ಬಿಡಿ. ಅದೂ ಆದವರಿಗೆ, ಒಂದು ಸಾಲು ಕೊಟ್ಟರೆ ಲಘು ಗುರು ಎಣಿಸಿ ಒಟ್ಟು ಮಾತ್ರೆ ಹೇಳುವ ಪ್ರೋಗ್ರಾಂ. ಭಾಮಿನಿ ಷಟ್ಪದಿಯ ಮೊದಲ ಸಾಲು ಕೊಟ್ಟರೆ 14 ಬರಬೇಕು, ಮೂರನೆಯದಕ್ಕೆ 23. ಒಂದು ವರ್ಷ ಇಬ್ಬರು ಹುಡುಗಿಯರು ಇದನ್ನು ಮುಕ್ಕಾಲು ಪಾಲು ಮಾಡಿದ್ದರು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗುವುದನ್ನು ಸೇರಿಸುವಷ್ಟರಲ್ಲಿ ವಾರ್ಷಿಕ ಪರೀಕ್ಷೆ ಬಂತು.

ಪದೇ ಪದೇ ಬರುವ ಎರಡು ಎಡವಟ್ಟನ್ನು ಮೊದಲೇ ತಿಳಿದಿರಿ. ರೇಂಜ್‌ಗೆ 1, 10 ಕೊಟ್ಟರೆ 9ಕ್ಕೇ ನಿಲ್ಲುತ್ತದೆ. ಹತ್ತು ಗಡಿಕಲ್ಲು, ಅದನ್ನು ದಾಟುವುದೂ ಇಲ್ಲ, ಮುಟ್ಟುವುದೂ ಇಲ್ಲ. ಇನ್‌ಪುಟ್‌ನಿಂದ ಬಂದ 5 ಮತ್ತು 5 ಕೂಡಿಸಿದರೆ 55 ಬರುತ್ತದೆ, ಯಾಕಂದರೆ ಬಂದದ್ದು ಸಂಖ್ಯೆ ಅಲ್ಲ, ಅಕ್ಷರ. ಎರಡನ್ನೂ ನೀವು ಎಚ್ಚರಿಸಬೇಡಿ. ಅವರೇ ಬಿದ್ದು ಏಳಲಿ.

ಕೆಂಪು ಅಕ್ಷರ ಬಂದಾಗ

ತಪ್ಪಿನ ಸಂದೇಶ ಬಂದರೆ ಮಕ್ಕಳು ತಕ್ಷಣ ನಿಮ್ಮನ್ನು ಕರೆಯುತ್ತಾರೆ. ನೀವು ಹೋಗಿ ಒಂದು ಅಲ್ಪವಿರಾಮ ಹಾಕಿ ಬಂದರೆ ಮುಂದಿನ ನಿಮಿಷ ಇನ್ನೊಬ್ಬರು. ನನ್ನ ಕ್ಲಾಸಿನಲ್ಲಿ ಕರೆಯುವ ಮೊದಲು ಮೂರು ಕೆಲಸ: ಕೆಂಪು ಸಾಲುಗಳಲ್ಲಿ ಕೊನೆಯದನ್ನು ಗಟ್ಟಿಯಾಗಿ ಓದು, ಅದರ ಮೇಲಿನ ಕೆಂಪು ಸಾಲುಗಳಲ್ಲಿ ಸಾಲಿನ ನಂಬರ್ ಹುಡುಕು, ಪ್ರೋಗ್ರಾಮಿನಲ್ಲಿ ಆ ಸಾಲನ್ನೂ ಅದರ ಮೇಲಿನ ಸಾಲನ್ನೂ ನೋಡು. ಆಮೇಲೂ ಗೊತ್ತಾಗದಿದ್ದರೆ ಪಕ್ಕದ ಗುಂಪು. ಆಮೇಲೆ ಸರ್. ಸರ್ ಬಂದಾಗಲೂ ಕೈ ಬೆನ್ನ ಹಿಂದೆ, ಕೀಬೋರ್ಡ್ ಮುಟ್ಟುವುದಿಲ್ಲ. ಇದನ್ನು ಪಾಲಿಸುವುದು ನನಗೇ ಅತಿ ಕಷ್ಟವಾದ ನಿಯಮ.

ಅಂಕ ಹೇಗೆ

ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಸೇರಿಸಿಕೊಳ್ಳಲು ಹೆಡ್‌ಮಾಸ್ಟರ್ ಒಪ್ಪಿದರೆ ಮಕ್ಕಳು ಗಂಭೀರವಾಗುತ್ತಾರೆ. "ಕಂಪ್ಯೂಟರ್ ಎಂದರೇನು?" ಎಂಬ ಪ್ರಶ್ನೆ ಬೇಡ. ಐದು ಸಾಲಿನ ಪ್ರೋಗ್ರಾಂ ಕೊಟ್ಟು ಏನು ಬರುತ್ತದೆ ಬರೆ ಅನ್ನಿ. ಇನ್ನೊಂದರಲ್ಲಿ ಬೇಕಂತಲೇ ಒಂದು ತಪ್ಪು ಇಟ್ಟು ಹುಡುಕಲು ಹೇಳಿ. ಲ್ಯಾಬ್‌ನಲ್ಲಿ ನಾನು ನೋಡುವುದು ಊಹೆಯ ಪುಸ್ತಕ. ಊಹೆ ಬರೆದಿದ್ದಾರಾ, ಬಂದ ಉತ್ತರ ಬರೆದಿದ್ದಾರಾ, ಎರಡೂ ಬೇರೆ ಆದಾಗ ಯಾಕೆ ಅಂತ ಬರೆದಿದ್ದಾರಾ. ಊಹೆ ತಪ್ಪಿದ್ದಕ್ಕೆ ಅಂಕ ಕಡಿಯುವ ಹಾಗಿಲ್ಲ. ಕಡಿದರೆ ಮಾರನೇ ದಿನದಿಂದ ಎಲ್ಲರೂ ಓಡಿಸಿ ನೋಡಿ ಆಮೇಲೆ ಊಹೆ ಬರೆಯುತ್ತಾರೆ. ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಸಿ.

ಈಗ ಎಐಗೆ ಕೇಳಿದರೆ ಇಡೀ ಪ್ರೋಗ್ರಾಂ ಬರೆದುಕೊಡುತ್ತದೆ. ಮನೆಯಲ್ಲಿ ಅಣ್ಣನ ಫೋನಿನಿಂದ ತರುತ್ತಾರೆ. ತರಲಿ. ಅದರಲ್ಲಿ ಒಂದು ಸಂಖ್ಯೆ ನೀವು ಬದಲಿಸಿ, ಈಗ ಏನು ಬರುತ್ತೆ ಅಂತ ಕೇಳಿ. ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ ಯಾರಿಗೆ ಅರ್ಥವಾಗಿದೆ ಅಂತ.

ಮೊಬೈಲ್ ವಿಷಯಕ್ಕೂ ಒಂದು ಪೀರಿಯಡ್ ಇಡಿ. ದುಡ್ಡು ಬರಬೇಕಾದರೆ ಯುಪಿಐ ಪಿನ್ ಹಾಕುವುದೇ ಬೇಡ, ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತ ಅರ್ಥ. ಮೋಸ ಆದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್. ಇಷ್ಟನ್ನು ಮಕ್ಕಳು ಅವತ್ತು ರಾತ್ರಿ ಮನೆಯಲ್ಲಿ ಹೇಳಿ, ಯಾರಿಗೆ ಹೇಳಿದೆ ಅಂತ ಮಾರನೇ ದಿನ ಬರೆದು ತರಲಿ.

ಬೀಗ ಹಾಕುವ ದಿನ

ಮಾರ್ಚ್ ಕೊನೆಗೆ ಎಲ್ಲರ ಫೈಲನ್ನೂ ಎರಡು ಪೆನ್‌ಡ್ರೈವ್‌ಗೆ ಹಾಕಿ. ಒಂದು ಶಾಲೆಯಲ್ಲಿ, ಒಂದು ನಿಮ್ಮ ಹತ್ತಿರ. ಪ್ಲಗ್ ಎಲ್ಲ ಕಿತ್ತಿಡಿ, ಬೇಸಿಗೆಯ ಸಿಡಿಲಿಗೆ ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು. ವೈರ್‌ಗಳನ್ನು ನೆಲದಿಂದ ಮೇಲೆತ್ತಿ ಕಟ್ಟಿ, ಇಲಿ ಅವನ್ನು ಬಿಡುವುದಿಲ್ಲ. ಮಷಿನ್ ಮೇಲೆ ಹಳೆ ಬೆಡ್‌ಶೀಟ್ ಹೊದಿಸಿ. ಶಾಲೆ ಶುರುವಾಗುವ ಮೊದಲೇ ಮಾಡಿದ್ದ ಆ ಮೂರು ಕಾಲಂ ಪಟ್ಟಿಯನ್ನು ತಿದ್ದಿ ಬಾಗಿಲ ಒಳಗಡೆ ಅಂಟಿಸಿ. ಕೀಲಿಯ ಇನ್ನೊಂದು ನಕಲು ಎಲ್ಲಿದೆ ಅಂತ ಆಫೀಸಿನಲ್ಲಿ ಇಬ್ಬರಿಗೆ ಹೇಳಿರಿ. ನಾನು ಒಬ್ಬರಿಗೇ ಹೇಳಿದ್ದೆ, ಅವರಿಗೆ ಮೇ ತಿಂಗಳಲ್ಲಿ ವರ್ಗ ಆಯಿತು.